ಈ ಮಣಕ ಒಳ್ಳೇದು ಅಂತ ಹೇಗೆ ಹೇಳ್ತೀರಿ?



ಬನದ ಹುಣ್ಣಿಮೆ ಹೊತ್ತಿಗೆ ನಡೆಯುವ ಎಮ್ಮಿಗನೂರಿನ ನೀಲಕಂಠೇಶ್ವರ ಸ್ವಾಮಿ ಜಾತ್ರೆಗೆ ನಿಮ್ಮಲ್ಲಿ ಬಹಳ ಜನ ಹೋಗಿರುತ್ತೀರಿ. ತೇರು, ಮಿಠಾಯಿ ಅಂಗಡಿ ನೋಡಿದ ಮೇಲೆ ಅಪ್ಪನೋ ಅಜ್ಜನೋ ಕೈಹಿಡಿದು ದನದ ಸಂತೆಯ ಕಡೆಗೂ ಕರೆದೊಯ್ದಿರುತ್ತಾರೆ. ಅಲ್ಲಿ ಎತ್ತಿನ ಜೋಡಿಗಳ ಮುಂದೆ ಜನ ಮುತ್ತಿಕೊಂಡಿರುತ್ತಾರೆ. "ಎಷ್ಟು ಹಲ್ಲು?", "ಏನ್ ಹೇಳ್ತೀರಿ ಜೋಡಿಗೆ?" ಅನ್ನುವ ಮಾತೇ ಎಲ್ಲ ಕಡೆ. ಪಕ್ಕದಲ್ಲಿ ಒಂದು ಎಳೆ ಮಣಕ ಕಟ್ಟಿದ್ದರೆ ಅದರ ಮುಂದೆ ನಿಲ್ಲೋರು ಕಡಿಮೆ.

ಆದರೆ ಒಂದು ಮಾತು ಯೋಚಿಸಿ. ಆ ಎತ್ತುಗಳೆಲ್ಲ ಎಲ್ಲಿಂದ ಬಂದವು? ಪ್ರತಿಯೊಂದರ ಹಿಂದೆ ಒಂದು ತಾಯಿ ಇದೆ. ಆ ತಾಯಿಯೂ ಒಂದು ಕಾಲಕ್ಕೆ ಹೀಗೇ ಗೂಟಕ್ಕೆ ಕಟ್ಟಿದ ಮಣಕವಾಗಿತ್ತು.

ಮಣಕ ಅಂದರೆ ಇನ್ನೂ ಕರು ಹಾಕದ ಎಳೆ ಹಸು. ಮಲೆನಾಡು, ಕರಾವಳಿ ಕಡೆ ಕಡಸು ಅಂತಾರೆ. ನಮ್ಮ ಅಕ್ಕಪಕ್ಕದ ತೆಲುಗು ಮನೆಗಳಲ್ಲಿ ಪೆಯ್ಯ ಅಂತಾರೆ. ಆದೋನಿ, ಆಲೂರು, ಕೋಸಿಗಿ, ಕೌತಾಳಂ ಕಡೆ ಮಳೆ ನಂಬಿದ ಹೊಲವೇ ಹೆಚ್ಚು. ಹತ್ತಿ, ಶೇಂಗಾ ಕೈಕೊಟ್ಟ ವರ್ಷ ಮನೆಗೆ ಆಸರೆ ಆಗೋದು ಕೊಟ್ಟಿಗೆ. ಅದರಲ್ಲೂ ಒಂಗೋಲಿನಂಥ ನಾಡತಳಿಯ ಮಣಕ ಮೊದಲ ಕರು ಹಾಕುವ ಹೊತ್ತಿಗೆ ಅದಕ್ಕೆ ಸಾಮಾನ್ಯವಾಗಿ ಮೂರರಿಂದ ನಾಲ್ಕು ವರ್ಷ ಆಗಿರುತ್ತದೆ. ಆಯ್ಕೆ ತಪ್ಪಾದರೆ ಅದು ಗೊತ್ತಾಗುವುದು ಅಷ್ಟು ವರ್ಷ ಮೇವು, ನೀರು, ದುಡಿಮೆ ಎಲ್ಲ ಹಾಕಿದ ಮೇಲೆ.

ಹಾಗಾದರೆ ಎಳೆಯದಿದ್ದಾಗಲೇ ಮಣಕದ ಗುಣ ತಿಳಿಯಲು ಆಗುತ್ತದೆಯೇ? ಪೂರ್ತಿ ಆಗುವುದಿಲ್ಲ. ಆದರೆ ಕಣ್ಣು, ಕೈ, ಒಂದು ಅಳತೆ ಟೇಪು, ಒಂದು ನೋಟ್‌ಬುಕ್ ಇದ್ದರೆ ಬಹಳಷ್ಟು ತಿಳಿಯಬಹುದು. ಹೇಗೆ ಅಂತ ನೋಡೋಣ.

ಮೂವತ್ತೈದು ಕೋಟಿಯ ಹಸು

ಮೊದಲು ಒಂದು ನಿಜ ಸಂಗತಿ. ಕೃಷ್ಣಾ ಮತ್ತು ಪೆನ್ನಾ ನದಿಗಳ ನಡುವಿನ ಸೀಮೆ ಒಂಗೋಲು ತಳಿಯ ತವರು. ಅಲ್ಲಿಂದ ಹಡಗು ಹತ್ತಿ ಬ್ರೆಜಿಲ್ ದೇಶಕ್ಕೆ ಹೋದ ದನಗಳ ಸಂತತಿಗೆ ಅಲ್ಲಿನವರು ನಮ್ಮ ನೆಲ್ಲೂರಿನ ಹೆಸರನ್ನೇ ಇಟ್ಟು 'ನೆಲೋರ್' ಅಂತ ಕರೆಯುತ್ತಾರೆ. ಆ ತಳಿಯ 'ವಿಯಾಟಿನಾ–19' ಎಂಬ ಹಸುವಿನ ಒಡೆತನದ ಮೂರನೇ ಒಂದು ಪಾಲು 2023ರಲ್ಲಿ ಹರಾಜಾಯಿತು. ಆ ಲೆಕ್ಕದಲ್ಲಿ ಇಡೀ ಹಸುವಿನ ಬೆಲೆ ಸುಮಾರು 43 ಲಕ್ಷ ಡಾಲರ್, ಅಂದರೆ ಆಗಿನ ರೂಪಾಯಿ ಲೆಕ್ಕಕ್ಕೆ 35 ಕೋಟಿ! ಜಗತ್ತಿನ ಅತಿ ದುಬಾರಿ ಹಸು ಅಂತ ಗಿನ್ನೆಸ್ ದಾಖಲೆಗೂ ಸೇರಿತು.

ಇಷ್ಟು ದುಡ್ಡು ಯಾಕೆ? ಅದರ ಹಾಲಿಗೂ ಅಲ್ಲ, ಮೈತೂಕಕ್ಕೂ ಅಲ್ಲ. ಪ್ರಯೋಗಾಲಯದಲ್ಲಿ ಅದರ ಅಂಡಾಣುಗಳಿಂದ ಭ್ರೂಣ ಬೆಳೆಸಿ ಬೇರೆ ಹಸುಗಳ ಗರ್ಭದಲ್ಲಿ ಇಡುತ್ತಾರೆ. ಅಂದರೆ ಕೊಳ್ಳುವವರು ದುಡ್ಡು ಕೊಟ್ಟದ್ದು ಮುಂದೆ ಹುಟ್ಟುವ ಕರುಗಳಿಗೆ. ಬ್ರೆಜಿಲ್‌ನವರು ಈ ದನ ಸಾಕೋದು ಮಾಂಸಕ್ಕೆ. ನಾವು ಸಾಕೋದು ಹೊಲದ ಕೆಲಸಕ್ಕೆ, ಹಾಲಿಗೆ. ಗುರಿ ಬೇರೆ ಆದ್ದರಿಂದ ಅವರ ಹಸುವಿನ ಗಾತ್ರ ನಮಗೆ ಮಾದರಿ ಅಲ್ಲ. ಆದರೆ ಅವರು ಕೇಳುವ ಪ್ರಶ್ನೆ ನಮಗೂ ಬೇಕು: ಇದು ಮುಂದಿನ ಪೀಳಿಗೆಗೆ ಏನು ಕೊಡುತ್ತದೆ?

ಪ್ರದರ್ಶನದಲ್ಲಿ ಮಣಕವನ್ನು ನೋಡುವುದು ಒಂದು ದಿನ. ಸಾಕಣೆಯಲ್ಲಿ ಅದರ ಜೊತೆ ಬಾಳುವುದು ಹತ್ತು–ಹನ್ನೆರಡು ವರ್ಷ. ಎರಡಕ್ಕೂ ಒಪ್ಪುವಂತೆ ನೋಡೋದನ್ನ ಕಲಿಯಬೇಕು.

ಮೊದಲು ದೂರದಿಂದ

ಮಣಕ ಕಂಡ ಕೂಡಲೇ ಹತ್ತಿರ ಹೋಗಿ ಮೈ ತಟ್ಟಬೇಡಿ. ಹತ್ತು ಹೆಜ್ಜೆ ದೂರ ನಿಂತು ಒಂದು ಸುತ್ತು ಹಾಕಿ. ನಂತರ ಯಾರಾದರೂ ಅದನ್ನು ಸಮತಟ್ಟಾದ ನೆಲದಲ್ಲಿ ನಡೆಸಲಿ.

ಪಕ್ಕದಿಂದ ನೋಡಿದಾಗ ಬೆನ್ನು ಹೆಚ್ಚುಕಡಿಮೆ ನೇರ ಇರಬೇಕು, ನಡುವೆ ಕುಸಿದಿರಬಾರದು. ಮುಂದಿನಿಂದ ನೋಡಿದಾಗ ಮುಂಗಾಲುಗಳ ನಡುವೆ ಎದೆ ಅಗಲವಾಗಿರಬೇಕು. ಹೃದಯ, ಶ್ವಾಸಕೋಶ ಇರೋದು ಅಲ್ಲೇ ತಾನೆ? ಹಿಂದಿನಿಂದ ನೋಡಿದಾಗ ಹಿಂಗಾಲುಗಳು ಎರಡು ಕಂಬದ ಹಾಗೆ ನೆಟ್ಟಗಿರಬೇಕು. ಹಿಂಗಾಲಿನ ಕೀಲುಗಳು ಒಳಕ್ಕೆ ಬಾಗಿ ಒಂದಕ್ಕೊಂದು ತಾಗುತ್ತಿದ್ದರೆ ಮೈಭಾರ ಗೊರಸಿನ ಒಂದೇ ಬದಿಗೆ ಬೀಳುತ್ತದೆ. ಆ ಬದಿ ಬೇಗ ಸವೆದು ವಯಸ್ಸಾದಂತೆ ಕುಂಟು ಶುರುವಾಗುತ್ತದೆ. ಕುಂಟುವ ಹಸು ಮೇಯಲು ಹೋಗುವುದಿಲ್ಲ. ಮೇಯದ ಹಸು ಹಾಲು ಕೊಡುವುದಿಲ್ಲ.

ಹಿಂಭಾಗದಲ್ಲಿ ಇನ್ನೊಂದು ನೋಡಿ. ಬಾಲದ ಬುಡದ ಎರಡೂ ಬದಿಗೆ ಎರಡು ಮೂಳೆ ಉಬ್ಬಿಕೊಂಡಿರುತ್ತವೆ. ಅವುಗಳ ನಡುವಿನ ಅಂತರ ಅಗಲವಾಗಿದ್ದಷ್ಟು ಒಳ್ಳೆಯದು. ಕರು ಹೊರಬರುವ ದಾರಿ ಆ ಮೂಳೆಗಳ ನಡುವೆಯೇ ಇದೆ. ಚಂದದ ಕೊಂಬು ಇದ್ದು ಈ ದಾರಿ ಕಿರಿದಾಗಿದ್ದರೆ ಈಯುವ ದಿನ ಕಷ್ಟ ತಪ್ಪಿದ್ದಲ್ಲ.

ತಳಿಯ ಗುರುತು

ಪ್ರದರ್ಶನದಲ್ಲಿ ತೀರ್ಪುಗಾರರು ತಪ್ಪದೆ ನೋಡುವುದು ತಳಿಯ ಲಕ್ಷಣ. ಒಂಗೋಲು ಮಣಕಕ್ಕೆ ಹೊಳೆಯುವ ಬಿಳಿ ಮೈ, ಅಗಲ ಹಣೆ, ಬುಡದಲ್ಲಿ ದಪ್ಪಗಿದ್ದು ಹೊರಕ್ಕೂ ಹಿಂದಕ್ಕೂ ಬೆಳೆಯುವ ಗಿಡ್ಡ ಕೊಂಬು, ಸ್ವಲ್ಪ ಜೋತ ಕಿವಿ, ಮಡಿಕೆ ಮಡಿಕೆಯಾಗಿ ಇಳಿಬಿದ್ದ ಗಂಗೆದೊಗಲು ಇರಬೇಕು. ಕಾಡಿಗೆ ಹಚ್ಚಿದಂತೆ ಕಣ್ಣಿನ ಸುತ್ತ ಕಪ್ಪು ಚರ್ಮ, ಕಪ್ಪು ಮೂತಿ, ಬಾಲದ ತುದಿಗೆ ಕಪ್ಪು ಕುಚ್ಚು.

ಗಡಿಯಾಚೆ ಬಳ್ಳಾರಿ, ರಾಯಚೂರಿನ ಸಂತೆಗಳಲ್ಲಿ ಕಾಣುವ ಹಳ್ಳಿಕಾರ್ ತಳಿಗೆ ಇದೇ ಅಳತೆಗೋಲು ಹಿಡಿದರೆ ತಪ್ಪಾಗುತ್ತದೆ. ಅದರ ಕೊಂಬು ಉದ್ದ, ನೆತ್ತಿಯಿಂದ ಮೇಲೆದ್ದು ಹಿಂದಕ್ಕೆ ಬಾಗುತ್ತದೆ. ಗಿಡ್ಡ ಕೊಂಬು ಒಂಗೋಲಿಗೆ ಲಕ್ಷಣ, ಹಳ್ಳಿಕಾರಿಗೆ ದೋಷ. ಯಾವ ತಳಿ ಅಂತ ತಿಳಿಯದೆ ಅಂಕ ಹಾಕಬಾರದು.

ಬಿಳಿ ಕೂದಲಿನ ಕೆಳಗೆ ಚರ್ಮ ಯಾಕೆ ಕಪ್ಪು? ಬಿಳಿ ಕೂದಲು ಬಿಸಿಲನ್ನು ಹಿಂದಕ್ಕೆ ಚದುರಿಸುತ್ತದೆ. ಅದನ್ನು ದಾಟಿ ಬಂದ ನೇರಳಾತೀತ ಕಿರಣವನ್ನು ಚರ್ಮದ ಕಪ್ಪು ವರ್ಣದ್ರವ್ಯ ಮೆಲನಿನ್ ತಡೆಯುತ್ತದೆ. ಮೇ ತಿಂಗಳ ಆದೋನಿ ಬಿಸಿಲು ತಡೆಯಲು ಇದು ಎರಡು ಪದರದ ಕೊಡೆ. ನೊಣ ಕೂತಾಗ ಮೈ ಅಲುಗದೆ ಚರ್ಮ ಮಾತ್ರ ನಡುಗುವುದನ್ನು ನೋಡಿದ್ದೀರಲ್ಲ? ಚರ್ಮದ ಕೆಳಗಿನ ತೆಳು ಸ್ನಾಯುಪದರದ ಕೆಲಸ ಅದು.

ಹಲ್ಲು ಹೇಳುವ ವಯಸ್ಸು

ಮಾಲೀಕರು "ಎರಡು ವರ್ಷ ಆಗ್ಯದ" ಅಂದರೆ ನಂಬಿ, ಆದರೆ ಹಲ್ಲನ್ನೂ ನೋಡಿ. ದನಗಳಿಗೆ ಮೇಲ್ದವಡೆಯ ಮುಂದೆ ಹಲ್ಲೇ ಇಲ್ಲ, ಗಟ್ಟಿ ಒಸಡು ಮಾತ್ರ. ಕೆಳದವಡೆಯ ಮುಂದೆ ಎಂಟು ಹಲ್ಲು. ಎಳೆಯದರಲ್ಲಿ ಎಂಟೂ ಹಾಲುಹಲ್ಲು: ಚಿಕ್ಕವು, ಬಿಳಿಯವು. ವಯಸ್ಸಾದಂತೆ ನಡುವಿನಿಂದ ಶುರುವಾಗಿ ಜೋಡಿ ಜೋಡಿಯಾಗಿ ಬಿದ್ದು, ಅಗಲವಾದ ಶಾಶ್ವತ ಹಲ್ಲು ಬರುತ್ತವೆ.

ನಾಡತಳಿಗಳಲ್ಲಿ ಲೆಕ್ಕ ಹೀಗೆ: ಎರಡು ಹಲ್ಲು ಆದರೆ ಸುಮಾರು ಎರಡರಿಂದ ಎರಡೂವರೆ ವರ್ಷ, ನಾಲ್ಕು ಹಲ್ಲಿಗೆ ಮೂರರ ಆಸುಪಾಸು, ಆರು ಹಲ್ಲಿಗೆ ಮೂರೂವರೆಯಿಂದ ನಾಲ್ಕು. ಎಂಟೂ ಬಂದು ಬಾಯಿಗೂಡುವಾಗ ನಾಲ್ಕೂವರೆಯಿಂದ ಐದು. ಮೇವು, ತಳಿ ಬದಲಾದರೆ ಕೆಲವು ತಿಂಗಳು ಹೆಚ್ಚುಕಡಿಮೆ ಆಗುತ್ತದೆ.

ವಯಸ್ಸು ಯಾಕೆ ಮುಖ್ಯ? ದೊಡ್ಡದಾಗಿ ಕಾಣುವ ಮಣಕ ನಿಜವಾಗಿ ಚೆನ್ನಾಗಿ ಬೆಳೆದದ್ದೋ, ಬರೀ ವಯಸ್ಸಾದದ್ದೋ ಅಂತ ತಿಳಿಯೋದು ಇದರಿಂದಲೇ. ಮಣಕದ ಬಾಯಿ ತೆರೆಯುವ ಕೆಲಸ ದೊಡ್ಡವರು ಮಾಡಲಿ, ನೀವು ನೋಡಿ ಎಣಿಸಿ.

ತಕ್ಕಡಿ ಇಲ್ಲದೆ ತೂಕ

ಇನ್ನೂರು ಕಿಲೋ ಮಣಕವನ್ನು ಯಾವ ತಕ್ಕಡಿಗೆ ಏರಿಸುತ್ತೀರಿ? ಬೇಡ. ದರ್ಜಿಯ ಟೇಪು ಸಾಕು. ಎರಡು ಅಳತೆ ತೆಗೆದುಕೊಳ್ಳಿ, ಎರಡೂ ಇಂಚಿನಲ್ಲಿ.

ಮೊದಲನೆಯದು ಎದೆ ಸುತ್ತಳತೆ: ಮುಂಗಾಲಿನ ಹಿಂದೆ, ಹಿಣಿಲಿನ ಹಿಂಬದಿಯಿಂದ ಸುತ್ತಿ ಬರುವ ಅಳತೆ. ಎರಡನೆಯದು ಉದ್ದ: ಭುಜದ ಮೂಳೆಯ ಮುಂತುದಿಯಿಂದ ಬಾಲದ ಬುಡದ ಪಕ್ಕದ ಮೂಳೆಯ ತನಕ.

ತೂಕ (ಕಿಲೋ) = ಸುತ್ತಳತೆ × ಸುತ್ತಳತೆ × ಉದ್ದ ÷ 660

ಉದಾಹರಣೆಗೆ ಸುತ್ತಳತೆ 55 ಇಂಚು, ಉದ್ದ 48 ಇಂಚು ಇರಲಿ. 55 × 55 = 3,025. ಅದನ್ನು 48ರಿಂದ ಗುಣಿಸಿದರೆ 1,45,200. 660ರಿಂದ ಭಾಗಿಸಿದರೆ 220 ಕಿಲೋ. ಇದು ಅಂದಾಜು ತೂಕ.

ಈ ಸೂತ್ರ ಎಲ್ಲಿಂದ ಬಂತು? ಮಣಕದ ಮೈಯನ್ನು ಒಂದು ಸಿಲಿಂಡರ್ ಅಂದುಕೊಳ್ಳಿ. ಸಿಲಿಂಡರಿನ ಘನಫಲಕ್ಕೆ ಅಡ್ಡಕೊಯ್ತದ ವಿಸ್ತೀರ್ಣ ಮತ್ತು ಉದ್ದ ಬೇಕು. ವಿಸ್ತೀರ್ಣ ಸುತ್ತಳತೆಯ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ. ಅದಕ್ಕೇ ಸುತ್ತಳತೆ ಎರಡು ಸಲ ಬರುತ್ತದೆ. ಟೇಪು ಸಡಿಲವಾಗಿ 55ರ ಬದಲು 56 ಅಂತ ಬರೆದುಕೊಂಡರೆ? ತೂಕ 228 ಕಿಲೋ ಬರುತ್ತದೆ. ಒಂದೇ ಇಂಚಿನ ತಪ್ಪಿಗೆ ಎಂಟು ಕಿಲೋ ವ್ಯತ್ಯಾಸ! ಆದ್ದರಿಂದ ಮಣಕ ಸಮತಟ್ಟಾದ ಕಡೆ ನೆಟ್ಟಗೆ ನಿಂತಿರಲಿ, ಮೂರು ಸಲ ಅಳೆದು ಸರಾಸರಿ ತೆಗೆಯಿರಿ. ಪ್ರತಿ ತಿಂಗಳು ಅದೇ ಹೊತ್ತಿಗೆ, ಬೆಳಿಗ್ಗೆ ನೀರು ಕುಡಿಸುವ ಮೊದಲು ಅಳೆಯಿರಿ.

ಕೊಬ್ಬೋ, ಬೆಳವಣಿಗೆಯೋ?

ತೂಕ ಒಂದೇ ಸಾಲದು. ಆ ತೂಕ ಮೂಳೆ–ಮಾಂಸದ್ದೋ, ಕೊಬ್ಬಿನದ್ದೋ ನೋಡಬೇಕು. ಪಶುವೈದ್ಯರು ಇದಕ್ಕೆ 1ರಿಂದ 5ರ ತನಕ ಅಂಕ ಕೊಡುತ್ತಾರೆ. 1 ಅಂದರೆ ಎಲುಬಿನ ಗೂಡು, 5 ಅಂದರೆ ಕೊಬ್ಬಿನ ಮುದ್ದೆ. ಮಣಕಕ್ಕೆ 3ರ ಆಸುಪಾಸು ಚೆನ್ನ.

ಕೈಯಿಂದ ತಿಳಿಯಲು ಒಂದು ಉಪಾಯ ಇದೆ. ಮುಷ್ಟಿ ಕಟ್ಟಿ ಅದರ ಗೆಣ್ಣುಗಳ ಮೇಲೆ ಇನ್ನೊಂದು ಕೈಯ ಬೆರಳಾಡಿಸಿ. ಮಣಕದ ಪಕ್ಕೆಲುಬು ಹಾಗೆ ಚುಚ್ಚಿದರೆ ಬಡಕಲು. ಈಗ ಅಂಗೈ ಮುಟ್ಟಿ ನೋಡಿ. ಪಕ್ಕೆಲುಬೇ ಸಿಗದೆ ಹಾಗೆ ಮೆತ್ತಗಿದ್ದರೆ ಕೊಬ್ಬು ಹೆಚ್ಚು. ಕೈ ಚಾಚಿ ಬೆರಳುಗಳ ಹಿಂಬದಿ ಮುಟ್ಟಿ. ಹಾಗೆ ಎಲುಬು ಕಾಣದೆ, ಒತ್ತಿದರೆ ಸಿಗುವಂತಿದ್ದರೆ ಸರಿ.

"ಪ್ರದರ್ಶನಕ್ಕೆ ಅಂದ್ರೆ ದಪ್ಪ ಇದ್ರೇ ಚಂದ ಅಲ್ವಾ ಸರ್?" ಅಂತ ನೀವು ಕೇಳಬಹುದು. ಇಲ್ಲೇ ಇರೋದು ಅಪಾಯ. ಎಳೆ ಮಣಕಕ್ಕೆ ಮೊದಲ ಬೆದೆಗೆ ಬರುವ ಮುಂಚೆ ಅಳತೆ ಮೀರಿ ತಿನ್ನಿಸಿದರೆ ಕೆಚ್ಚಲಿನ ಒಳಗೆ ಹಾಲಿನ ಗ್ರಂಥಿ ಬೆಳೆಯಬೇಕಾದ ಜಾಗದಲ್ಲಿ ಕೊಬ್ಬು ಸೇರಿಕೊಳ್ಳುತ್ತದೆ. ಹೊರಗೆ ನೋಡಲು ತುಂಬಿದ ಕೆಚ್ಚಲು, ಮುಂದೆ ಹಾಲು ಕಡಿಮೆ. ಒಂದು ದಿನದ ರಿಬ್ಬನ್ನಿಗಾಗಿ ಹತ್ತು ವರ್ಷದ ಹಾಲು ಕೊಟ್ಟ ಹಾಗೆ.

220 ಕಿಲೋ ಮಣಕಕ್ಕೆ ದಿನಕ್ಕೆ ಮೈತೂಕದ ನೂರಕ್ಕೆ ಎರಡೂವರೆ ಪಾಲು, ಅಂದರೆ ಸುಮಾರು ಐದೂವರೆ ಕಿಲೋ ಒಣ ಪದಾರ್ಥ ಬೇಕು. ಹಸಿ ಮೇವಿನಲ್ಲಿ ಬಹುಪಾಲು ನೀರೇ ಇರುವುದರಿಂದ ಅದನ್ನು ಬೇರೆಯಾಗಿ ಲೆಕ್ಕ ಹಾಕಬೇಕು. ನಮ್ಮ ಕಡೆ ಜೋಳದ ಸೊಪ್ಪೆ, ಶೇಂಗಾ ಹೊಟ್ಟು, ಜೊತೆಗೆ ಸ್ವಲ್ಪ ಹತ್ತಿಕಾಳಿನ ಹಿಂಡಿ, ಖನಿಜ ಮಿಶ್ರಣ ಸಿಗುತ್ತವೆ. ಒಂದು ಎಚ್ಚರಿಕೆ: ಮಳೆಯಿಲ್ಲದೆ ಬಾಡಿದ, ಇನ್ನೂ ಹೂತೆನೆ ಬಾರದ ಎಳೆ ಜೋಳವನ್ನು ಮೇಯಲು ಬಿಡಬೇಡಿ. ಅದರಲ್ಲಿರುವ ಧುರಿನ್ ಎಂಬ ಪದಾರ್ಥ ಹೊಟ್ಟೆಯಲ್ಲಿ ಒಡೆದು ಸಯನೈಡ್ ವಿಷ ಹುಟ್ಟುತ್ತದೆ. ದೇಹದ ಜೀವಕೋಶಗಳು ಆಮ್ಲಜನಕ ಬಳಸಲಾಗದೆ ದನ ನೋಡುನೋಡುತ್ತಲೇ ಸಾಯಬಹುದು.

ಕೆಚ್ಚಲು, ಮತ್ತು ಒಂದು ವಿಚಿತ್ರ

ಮಣಕದ ಕೆಚ್ಚಲು ಚಿಕ್ಕದೇ ಇರುತ್ತದೆ. ಆದರೂ ನಾಲ್ಕು ಮೊಲೆತೊಟ್ಟು ಚೌಕದ ನಾಲ್ಕು ಮೂಲೆಯಂತೆ ಸಮ ಅಂತರದಲ್ಲಿ ಇವೆಯೇ ನೋಡಿ. ಕೆಲವಕ್ಕೆ ಐದನೆಯದೊಂದು ಚಿಕ್ಕ ತೊಟ್ಟು ಇರುತ್ತದೆ. ಅದು ಆನುವಂಶಿಕವಾಗಿ ಬರಬಹುದು, ಹಾಲು ಕರೆಯುವಾಗ ಅಡ್ಡಿ ಆಗಬಹುದು. ಪಶುವೈದ್ಯರಿಗೆ ತೋರಿಸಬೇಕು, ಮನೆಯಲ್ಲಿ ಕತ್ತರಿಸಲು ಹೋಗಬಾರದು.

ಇನ್ನೊಂದು ಪ್ರಶ್ನೆ ತಪ್ಪದೆ ಕೇಳಿ: "ಇದು ಅವಳಿಯಾಗಿ ಹುಟ್ಟಿದ್ದಾ? ಜೊತೆಗೆ ಹುಟ್ಟಿದ್ದು ಹೋರಿಗರುವಾ?" ಹೌದು ಅಂದರೆ ಎಚ್ಚರ. ದನಗಳಲ್ಲಿ ಅವಳಿ ಇದ್ದಾಗ ಗರ್ಭದಲ್ಲೇ ಎರಡರ ರಕ್ತನಾಳಗಳು ಸಾಮಾನ್ಯವಾಗಿ ಕೂಡಿಕೊಳ್ಳುತ್ತವೆ. ಗಂಡುಕರುವಿನ ಹಾರ್ಮೋನು ಹೆಣ್ಣುಕರುವಿನ ಮೈಗೆ ಹರಿದು, ಅದರ ಗರ್ಭಕೋಶ, ಅಂಡಾಶಯ ಸರಿಯಾಗಿ ರೂಪುಗೊಳ್ಳದಂತೆ ಮಾಡುತ್ತದೆ. ಹೀಗೆ ಹುಟ್ಟಿದ ಮಣಕಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಗೊಡ್ಡು. ಹೊರಗೆ ನೋಡಿದರೆ ಏನೂ ಕೊರತೆ ಕಾಣದೆ ಇರಬಹುದು, ಪ್ರದರ್ಶನದಲ್ಲಿ ಬಹುಮಾನವೂ ಬರಬಹುದು. ಕರು ಮಾತ್ರ ಬರುವುದಿಲ್ಲ. ಅಕ್ಕಪಕ್ಕದವರು ಮನೆಯವರ ಅದೃಷ್ಟವನ್ನೋ, ಮಣಕದ ಸುಳಿಯನ್ನೋ ದೂರುತ್ತಾರೆ. ಕಾರಣ ಇರೋದು ಗರ್ಭದಲ್ಲಿ ಕೂಡಿಕೊಂಡ ರಕ್ತನಾಳದಲ್ಲಿ.

ನೋಟ ಒಂದು, ಜೀನ್ ಇನ್ನೊಂದು

ಇಂಗ್ಲೆಂಡಿನಲ್ಲಿ ಶಾರ್ಟ್‌ಹಾರ್ನ್ ಅನ್ನುವ ತಳಿ ಇದೆ. ಹೆಸರಿನ ಅರ್ಥವೇ ಗಿಡ್ಡ ಕೊಂಬು. ಈ ದನಗಳು ಕೆಂಪು, ಬಿಳಿ, ಇಲ್ಲವೇ ಕೆಂಪು ಬಿಳಿ ಕೂದಲು ಬೆರೆತ 'ರೋನ್' ಬಣ್ಣದಲ್ಲಿ ಇರುತ್ತವೆ. ಕೆಂಪಿನ ಜೀನ್ ಒಂದು, ಬಿಳಿಯ ಜೀನ್ ಒಂದು ಸೇರಿದರೆ ರೋನ್. ಒಂದು ಇನ್ನೊಂದನ್ನು ಮುಚ್ಚುವುದಿಲ್ಲ, ಎರಡೂ ಕಾಣುತ್ತವೆ. ಇದನ್ನು ಸಹಪ್ರಬಲತೆ ಅಂತಾರೆ.

ಚಂದದ ರೋನ್ ಮಣಕಕ್ಕೆ ರೋನ್ ಹೋರಿಯನ್ನೇ ಕೂಡಿಸಿದರೆ ಎಲ್ಲ ಕರುಗಳೂ ರೋನ್ ಆಗುತ್ತವೆಯೇ? ಚೌಕ ಬರೆದು ನೋಡಿ. ಸರಾಸರಿ ನಾಲ್ಕಕ್ಕೆ ಒಂದು ಕೆಂಪು, ಎರಡು ರೋನ್, ಒಂದು ಬಿಳಿ. ತಾಯಿಯಲ್ಲಿ ಕಂಡ ನೋಟ ಅರ್ಧ ಕರುಗಳಲ್ಲಿ ಕಾಣುವುದೇ ಇಲ್ಲ! ಒಂದೇ ಜೋಡಿ ಜೀನ್ ನಡೆಸುವ ಬಣ್ಣದ ಪಾಡೇ ಇದಾದರೆ, ಹತ್ತಾರು ಜೀನ್‌ಗಳ ಜೊತೆ ಮೇವು, ಆರೈಕೆಯೂ ಸೇರಿ ನಿರ್ಧಾರವಾಗುವ ಹಾಲು, ಬೆಳವಣಿಗೆಗಳ ವಿಷಯ ಕೇಳಬೇಕೇ?

ಅದಕ್ಕೇ ಶಾರ್ಟ್‌ಹಾರ್ನ್ ಸಾಕುವವರು ಬರೀ ಮೈ ನೋಡಿ ನಂಬಲಿಲ್ಲ. ಯಾವ ದನದ ತಂದೆ ಯಾರು, ತಾಯಿ ಯಾರು ಅಂತ ಬರೆದಿಟ್ಟರು. 1822ರಲ್ಲಿ ಜಾರ್ಜ್ ಕೋಟ್ಸ್ ಅಚ್ಚು ಹಾಕಿಸಿದ ಆ ತಳಿಯ ವಂಶಾವಳಿ ಪುಸ್ತಕ ದನಗಳ ವಂಶಾವಳಿಗಳಲ್ಲಿ ಮೊದಲನೆಯದು. ನಮ್ಮ ಹಿರಿಯರಿಗೂ ಇದು ಗೊತ್ತಿಲ್ಲದ್ದಲ್ಲ. "ತಾಯಿ ನೋಡಿ ಕರು ತಗೋ" ಅಂತಾರಲ್ಲ, ಅದೇ. ಬಾಯಲ್ಲಿದ್ದದ್ದು ಪುಸ್ತಕಕ್ಕೆ ಬರಬೇಕು, ಅಷ್ಟೆ.

ನಿಮ್ಮ ಮಣಕದ ಕಿವಿಯಲ್ಲಿ ಹಳದಿ ಬಿಲ್ಲೆ ಇದ್ದರೆ ಅದರ ಮೇಲಿನ 12 ಅಂಕಿ ಬರೆದುಕೊಳ್ಳಿ. ಅದು ಆ ಮಣಕದ ಆಧಾರ್ ಸಂಖ್ಯೆ ಇದ್ದ ಹಾಗೆ. ಲಸಿಕೆ, ಗರ್ಭಧಾರಣೆಯ ದಾಖಲೆ ಆ ಸಂಖ್ಯೆಯ ಮೇಲೇ ಸೇರುತ್ತದೆ. ಅಂದ ಕೆಡುತ್ತದೆ ಅಂತ ಕಿತ್ತುಹಾಕಬೇಡಿ.

ಮೈತೊಳೆಯುವುದೂ ಒಂದು ಪರೀಕ್ಷೆ

ಈಗ ಸಿಂಗಾರದ ಮಾತು. ಕಾರ ಹುಣ್ಣಿಮೆ ದಿನ ಎತ್ತುಗಳ ಮೈತೊಳೆದು ಕೊಂಬಿಗೆ ಬಣ್ಣ ಹಚ್ಚುವುದು ನಿಮಗೆ ಗೊತ್ತು. ಪ್ರದರ್ಶನದ ಮಣಕಕ್ಕೆ ವರ್ಷಕ್ಕೊಂದು ದಿನದ ಸಿಂಗಾರ ಸಾಲದು, ದಿನಾ ಹತ್ತು ನಿಮಿಷ ಬೇಕು.

ದಿನಾ ಕೂದಲು ಬೆಳೆದ ದಿಕ್ಕಿಗೆ ಬ್ರಷ್ ಎಳೆಯಿರಿ. ಗಟ್ಟಿ ತಂತಿ ಬ್ರಷ್ ಬೇಡ, ನಾರಿನದು ಸಾಕು. ಸಗಣಿ ಅಂಟಿ ಒಣಗಿದ್ದರೆ ಕೀಳಬೇಡಿ, ನೀರಲ್ಲಿ ನೆನೆಸಿ ಬಿಡಿಸಿ. ಹೊಳಪು ಬರುವುದು ಹೇಗೆ? ಚರ್ಮದ ಗ್ರಂಥಿಗಳು ಸ್ರವಿಸುವ ಎಣ್ಣೆಯನ್ನು ಬ್ರಷ್ಷು ಕೂದಲಿನ ಉದ್ದಕ್ಕೂ ಹರಡುತ್ತದೆ. ಹೊರಗಿನಿಂದ ಹಚ್ಚಿದ ಎಣ್ಣೆಗೆ ಧೂಳು ಕೂರುತ್ತದೆ.

ನಿಜವಾದ ಲಾಭ ಬೇರೆ ಇದೆ. ಬ್ರಷ್ ಆಡಿಸುವ ಕೈ ದಿನಾ ಇಡೀ ಮೈ ಮುಟ್ಟುತ್ತದೆ. ಕಿವಿಯೊಳಗೆ, ಬಾಲದ ಬುಡದಲ್ಲಿ, ಕೆಚ್ಚಲ ಪಕ್ಕ ಉಣ್ಣೆ ಕಚ್ಚಿರುವುದು ಸಿಗುತ್ತದೆ. ಉಣ್ಣೆ ರಕ್ತ ಹೀರುವುದಷ್ಟೇ ಅಲ್ಲ, ಥೈಲೀರಿಯಾದಂಥ ಜ್ವರವನ್ನೂ ಹರಡುತ್ತದೆ. ದುಂಡಗೆ ಕೂದಲು ಉದುರಿ ಬಿಳಿ ಹೊಟ್ಟು ಎದ್ದಿದ್ದರೆ ಗಜಕರ್ಣ ಇರಬಹುದು. ಅದು ಮನುಷ್ಯರಿಗೂ ಅಂಟುತ್ತದೆ, ಕೈ ಸೋಪಿನಿಂದ ತೊಳೆಯಿರಿ. ಮೈಮೇಲೆ ಗಂಟು ಸಿಕ್ಕರೆ ಚರ್ಮಗಂಟು ರೋಗವೋ ಅಂತ ಅದೇ ದಿನ ಪಶುವೈದ್ಯರಿಗೆ ತಿಳಿಸಿ. ಮುಂಗಾಲು ಎತ್ತಿಸಿ ಗೊರಸಿನ ಸಂದಿ ನೋಡಿ. ಕಲ್ಲು, ಗಾಯ, ಕೆಟ್ಟ ವಾಸನೆ ಇದೆಯೇ?

ಮಣಕವನ್ನು ನಡೆಸಲು ಎರಡು ತಿಂಗಳ ಮೊದಲೇ ಕಲಿಸಿ. ತಲೆಗೆ ಮೆತ್ತನೆ ಹಗ್ಗ ಕಟ್ಟಿ ದಿನಾ ಸ್ವಲ್ಪ ದೂರ. ಎಳೆಯಬೇಡಿ. ನಡೆದರೆ ಹಗ್ಗ ಸಡಿಲ ಬಿಡಿ, ಒಂದು ಹಿಡಿ ಹುಲ್ಲು ಕೊಡಿ. ಹಿಂದಿನಿಂದ ಸದ್ದಿಲ್ಲದೆ ಹೋಗಬೇಡಿ, ಒದೆ ಬೀಳುತ್ತದೆ. ಹೆದರಿದ ಮಣಕ ಬೆನ್ನು ಬಾಗಿಸಿ ನಿಲ್ಲುತ್ತದೆ, ಎಷ್ಟು ಚೆನ್ನಾಗಿದ್ದರೂ ಚೆನ್ನಾಗಿ ಕಾಣುವುದಿಲ್ಲ. ಬಡಿದು ಕಲಿಸಿದ ಮಣಕ ಮುಂದೆ ಹಾಲು ಕರೆಯುವಾಗಲೂ ಬೆದರುತ್ತದೆ. ಹೆದರಿಕೆಯಲ್ಲಿ ಬರುವ ಅಡ್ರಿನಲಿನ್ ಹಾರ್ಮೋನು ಹಾಲು ಇಳಿಯುವುದನ್ನೇ ತಡೆಯುತ್ತದೆ.

ಹೊಟ್ಟೆ ತುಂಬಿ ಕಾಣಲಿ ಅಂತ ಉಪ್ಪು ತಿನ್ನಿಸಿ ಬಲವಂತವಾಗಿ ನೀರು ಕುಡಿಸುವುದು, ಮೈಗೆ ಪುಡಿ ಬಳಿಯುವುದು ಬೇಡ. ಅದು ಮೋಸ, ಮಣಕಕ್ಕೂ ಹಿಂಸೆ. ಕಾಲುಬಾಯಿ ರೋಗದ ಲಸಿಕೆ ಕೆಲವು ವಾರ ಮೊದಲೇ ಹಾಕಿಸಿ, ರೋಗನಿರೋಧಕ ಶಕ್ತಿ ಬೆಳೆಯಲು ಸಮಯ ಬೇಕು. ಜಾತ್ರೆಯಿಂದ ಬಂದ ಮೇಲೆ ಎರಡು ವಾರ ಬೇರೆ ಕಟ್ಟಿ.

ಯಾವಾಗ ಕೂಡಿಸಬೇಕು?

ಬೆದೆಗೆ ಬಂತು ಅಂದ ಕೂಡಲೇ ಕೂಡಿಸಬಾರದು. ನಮ್ಮಲ್ಲಿ ಬಹಳ ಮನೆಗಳಲ್ಲಿ ಆಗುವ ಅವಸರ ಇದೇ. ಮೈ ಬೆಳೆಯುವ ಮುಂಚೆ ಗಬ್ಬ ಕಟ್ಟಿದರೆ ಇದ್ದ ಮೇವನ್ನು ತಾಯಿಯ ಬೆಳವಣಿಗೆ, ಹೊಟ್ಟೆಯ ಕರು ಎರಡೂ ಹಂಚಿಕೊಳ್ಳಬೇಕು. ಎರಡೂ ಸೊರಗುತ್ತವೆ. ಈಯುವ ದಾರಿ ಕಿರಿದಾಗಿ ಕರು ಸಿಕ್ಕಿಕೊಳ್ಳಬಹುದು.

ವಯಸ್ಸಿಗಿಂತ ತೂಕ ನೋಡಿ. ಬೆಳೆದ ಹಸುವಿನ ತೂಕದ ನೂರಕ್ಕೆ 60ರಷ್ಟಾದರೂ ಆಗಿರಬೇಕು. ಬೆಳೆದ ಒಂಗೋಲು ಹಸು ಸುಮಾರು 440 ಕಿಲೋ ಅಂದುಕೊಂಡರೆ ಅದರ 60 ಪಾಲು 264 ಕಿಲೋ. ನಾವು ಅಳೆದ ಮಣಕ 220 ಕಿಲೋ. ಇನ್ನೂ 44 ಕಿಲೋ ಬೇಕು. ದಿನಕ್ಕೆ 400 ಗ್ರಾಂ ಬೆಳೆದರೆ 110 ದಿನ. ಟೇಪು ನಮಗೆ ಹೇಳಿದ್ದು ಇದನ್ನೇ: "ಇನ್ನೂ ನಾಲ್ಕು ತಿಂಗಳು ತಡೀರಿ."

ಬೆದೆ ಸುಮಾರು 21 ದಿನಕ್ಕೊಮ್ಮೆ ಬರುತ್ತದೆ. ಕೂಗುವುದು, ಬೇರೆ ದನ ಮೇಲೇರಿದರೆ ಸುಮ್ಮನೆ ನಿಲ್ಲುವುದು, ಹಗ್ಗದಂತೆ ಜೋತ ತಿಳಿ ಲೋಳೆ ಅದರ ಗುರುತು. ನಾಡತಳಿಗಳಲ್ಲಿ ಬೆದೆ ಕಡಿಮೆ ಹೊತ್ತು ಇರುತ್ತದೆ, ಎಷ್ಟೋ ಸಲ ರಾತ್ರಿ ಬಂದು ಹೋಗುತ್ತದೆ. ಅದಕ್ಕೇ ಬೆಳಿಗ್ಗೆ, ಸಂಜೆ ಎರಡೂ ಹೊತ್ತು ನೋಡಬೇಕು. ಬೆಳಿಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸುವುದು ರೂಢಿ. ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ ದ್ರವ ಸಾರಜನಕದಲ್ಲಿ ಇಟ್ಟ ವೀರ್ಯದ ಕಡ್ಡಿಯ ಮೇಲೆ ಹೋರಿಯ ಸಂಖ್ಯೆ ಇರುತ್ತದೆ. ಅದನ್ನು ಬರೆದುಕೊಳ್ಳಿ. ಮಣಕದ ತಂದೆಯ ವೀರ್ಯವನ್ನೇ ಮಣಕಕ್ಕೂ ಹಾಕಿದರೆ ಅಡಗಿದ ದೋಷಗಳು ಕರುವಿನಲ್ಲಿ ಹೊರಬರುವ ಸಾಧ್ಯತೆ ಹೆಚ್ಚು. ಗಬ್ಬ ನಿಂತರೆ ಸುಮಾರು 280ರಿಂದ 290 ದಿನಕ್ಕೆ ಕರು.

ಹೆಣ್ಣುಕರುವಾದರೆ ನಾಲ್ಕರಿಂದ ಎಂಟು ತಿಂಗಳೊಳಗೆ ಬ್ರೂಸೆಲ್ಲಾ ಲಸಿಕೆ ಹಾಕಿಸಿ. ಜೀವಮಾನದಲ್ಲಿ ಒಂದೇ ಸಲ. ಮುಂದೆ ಗರ್ಭಪಾತ ಮಾಡಿಸುವ ರೋಗವನ್ನು ಅದು ತಡೆಯುತ್ತದೆ.

ಮಾಡಿ ನೋಡಿ

ನಾಲ್ಕೈದು ಜನ ಗುಂಪಾಗಿ, ಮನೆಯ ಹಿರಿಯರ ಜೊತೆ, ಊರಿನ ಮೂರು ಮಣಕಗಳನ್ನು ನೋಡಿ ಅಂಕ ಹಾಕಿ. ಇದು ತರಗತಿಗೆಂದು ಮಾಡಿಕೊಂಡ ಪಟ್ಟಿ, ಯಾವ ಪಂದ್ಯದ ನಿಯಮವೂ ಅಲ್ಲ.

ತಳಿಯ ಲಕ್ಷಣ – 20
ವಯಸ್ಸಿಗೆ ತಕ್ಕ ಬೆಳವಣಿಗೆ, ಮೈಕಟ್ಟು – 25
ಕಾಲು, ಗೊರಸು, ನಡಿಗೆ – 20
ಹಿಂಭಾಗ, ಕೆಚ್ಚಲು – 20
ಆರೋಗ್ಯ, ಅಚ್ಚುಕಟ್ಟು, ಸಾಧುತನ – 15

ಒಬ್ಬೊಬ್ಬರೂ ಬೇರೆ ಬೇರೆಯಾಗಿ ಅಂಕ ಬರೆದು ನಂತರ ಹೋಲಿಸಿ. ಎಲ್ಲಿ ವ್ಯತ್ಯಾಸ ಹೆಚ್ಚು ಬಂತೋ ಅಲ್ಲಿ ಕಾರಣ ಮಾತಾಡಿ. ಬಳಿಕ ಆರು ತಿಂಗಳು ಪ್ರತಿ ತಿಂಗಳೂ ಟೇಪಿನ ತೂಕ ಬರೆದು ಗ್ರಾಫ್ ಎಳೆಯಿರಿ. ಗೆರೆ ಎಲ್ಲಿ ಮಲಗಿತು? ಆ ತಿಂಗಳು ಮೇವು ಕಡಿಮೆಯಾಗಿತ್ತೇ, ಜ್ವರ ಬಂದಿತ್ತೇ?

ಸಂಶಯ ಬಂದರೆ ಹತ್ತಿರದ ಪಶು ಆಸ್ಪತ್ರೆಯಲ್ಲಿ ಕೇಳಿ. ಎಮ್ಮಿಗನೂರಿನ ಹತ್ತಿರ ಬನವಾಸಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವೂ ಇದೆ. ಕದಂಬರ ಬನವಾಸಿ ಅಲ್ಲ, ನಮ್ಮದೇ ಬನವಾಸಿ!

ಯೋಚಿಸಿ ಉತ್ತರಿಸಿ

1. ಸುತ್ತಳತೆ 58 ಇಂಚು, ಉದ್ದ 50 ಇಂಚು ಇರುವ ಒಂಗೋಲು ಮಣಕದ ತೂಕ ಎಷ್ಟು? ಅದು ಗರ್ಭಧಾರಣೆಗೆ ಸಿದ್ಧವೇ?

2. ಎರಡು ಮಣಕ ಒಂದೇ ತೂಕ ಇವೆ. ಒಂದಕ್ಕೆ ಹಾಲುಹಲ್ಲು, ಇನ್ನೊಂದಕ್ಕೆ ನಾಲ್ಕು ಹಲ್ಲು. ಯಾವುದನ್ನು ಆರಿಸುತ್ತೀರಿ? ಯಾಕೆ?

3. ರೋನ್ ಮಣಕಕ್ಕೆ ಬಿಳಿ ಹೋರಿ ಕೂಡಿಸಿದರೆ ಕರುಗಳ ಬಣ್ಣ ಯಾವ ಪ್ರಮಾಣದಲ್ಲಿ ಬರುತ್ತದೆ?

ಮುಂದಿನ ಜಾತ್ರೆಗೆ ಹೋದಾಗ ಎತ್ತಿನ ಜೋಡಿ ನೋಡಿ, ಸಂತೋಷ. ಆದರೆ ಪಕ್ಕದಲ್ಲಿ ಕಟ್ಟಿದ ಮಣಕದ ಮುಂದೆ ಎರಡು ನಿಮಿಷ ನಿಲ್ಲಿ. ಕಾಲು, ಹಿಂಭಾಗ, ಕೆಚ್ಚಲು ನೋಡಿ. ಹಲ್ಲು ಎಣಿಸಿ. "ಇದರ ತಾಯಿ ಎಷ್ಟು ಹಾಲು ಕೊಡ್ತಿತ್ತು ತಾತಾ?" ಅಂತ ಕೇಳಿ. ಆ ತಾತ ನಿಮ್ಮನ್ನು ಇನ್ನೊಮ್ಮೆ ತಿರುಗಿ ನೋಡದಿದ್ದರೆ ಹೇಳಿ.